‘ಪಡುಕೋಣೆ’ ಅಂದರೆ ಏನು? ಒಂದೇ ಸರ್‌ನೇಮ್ ಇದ್ದರೆ ಒಂದೇ ಗೋತ್ರವೇ?

‘ನಿಮ್ಮ ಸರ್‌ನೇಮ್ ನಿಮ್ಮ ಋಷಿ ಯಾರೆಂದು ಹೇಳುತ್ತದೆ! ಕೆಳಗಿನ ಪಟ್ಟಿಯಲ್ಲಿ ಹುಡುಕಿ. ಹತ್ತು ಜನರಿಗೆ ಕಳಿಸಿ.’

ಹೀಗೆ ಶುರುವಾಗುವ ಉದ್ದನೆಯ ಫಾರ್ವರ್ಡ್ ಒಂದನ್ನು ಬೆಂಗಳೂರಿನ ತಿಲಕ್ ನಗರದ ಓದುಗರೊಬ್ಬರು ನಮಗೆ ಕಳಿಸಿದ್ದಾರೆ. ಅದರಲ್ಲಿ ಎಡಗಡೆ ಅಪರೂಪದ ಹಿಂದೂ ಸರ್‌ನೇಮ್‌ಗಳು, ಬಲಗಡೆ ಅವುಗಳ ‘ಅರ್ಥ’ ಮತ್ತು ‘ಗೋತ್ರ’. ಕೊನೆಯಲ್ಲಿ ದಪ್ಪ ಅಕ್ಷರದ ಎಚ್ಚರಿಕೆ: ಒಂದೇ ಸರ್‌ನೇಮ್ ಇರುವವರು ಒಂದೇ ರಕ್ತದವರು, ಅವರ ನಡುವೆ ಮದುವೆಯಾದರೆ ಮಕ್ಕಳಿಗೆ ಕಾಯಿಲೆ ಖಚಿತ.

ಇಂಥವು ದಿನಕ್ಕೆ ಹತ್ತು ಬರುತ್ತವೆ, ನೋಡಿ ಸುಮ್ಮನಾಗುತ್ತೇವೆ. ಆದರೆ ಈ ಓದುಗರ ಜೊತೆಗಿನ ಸಾಲು ನಮ್ಮನ್ನು ನಿಲ್ಲಿಸಿತು. ಅವರ ತಂಗಿಗೆ ಗಂಡು ಗೊತ್ತಾಗುವ ಹಂತದಲ್ಲಿದೆ. ಹುಡುಗನ ಮನೆಯವರದ್ದೂ ಇವರದ್ದೂ ಒಂದೇ ಸರ್‌ನೇಮ್, ಕರಾವಳಿಯ ಒಂದು ಊರಿನ ಹೆಸರು. ಇಷ್ಟು ದಿನ ಯಾರಿಗೂ ಅದು ತೊಡಕಾಗಿರಲಿಲ್ಲ. ಈ ಫಾರ್ವರ್ಡ್ ಮನೆಯ ವಾಟ್ಸಾಪ್ ಗ್ರೂಪಿಗೆ ಬಿದ್ದ ಮೇಲೆ ಸೋದರಮಾವ ‘ಇದು ಬೇಡ’ ಎಂದಿದ್ದಾರೆ. ‘ನಿಜವೋ ಸುಳ್ಳೋ ಬೇಗ ಹೇಳಿ, ಭಾನುವಾರ ಅವರು ಮನೆಗೆ ಬರ್ತಾರೆ’ ಎಂದು ಓದುಗರು ಕೇಳಿದ್ದಾರೆ.

ಚಿಕ್ಕ ಉತ್ತರ: ಸುಳ್ಳು. ಊರಿನ ಹೆಸರಿನಿಂದ ಬಂದ ಸರ್‌ನೇಮ್ ಗೋತ್ರವನ್ನೂ ಹೇಳುವುದಿಲ್ಲ, ರಕ್ತಸಂಬಂಧವನ್ನೂ ಹೇಳುವುದಿಲ್ಲ. ಯಾಕೆ ಎಂಬುದು ಸ್ವಲ್ಪ ದೊಡ್ಡ ಕಥೆ.

ಓದುಗರ ಮನೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದರ ಬದಲು ಅದೇ ಪಟ್ಟಿಯಲ್ಲಿದ್ದ, ಅದೇ ಬಗೆಯ, ನೀವೆಲ್ಲ ಕೇಳಿರುವ ಒಂದು ಹೆಸರನ್ನು ತೆಗೆದುಕೊಳ್ಳೋಣ. ಅದು ಪಡುಕೋಣೆ.

ಪಾದುಕೆಗೂ ಪಡುಕೋಣೆಗೂ ಏನು ಸಂಬಂಧ?

ಫಾರ್ವರ್ಡ್ ಪ್ರಕಾರ ಪಡುಕೋಣೆ ಎಂದರೆ ‘ಪಾದುಕಾ ಕೋಣೆ’, ಅಂದರೆ ದೇವರ ಪಾದುಕೆಗಳನ್ನು ಕಾಯುತ್ತಿದ್ದ ವಂಶ. ಕೇಳಲು ಚೆನ್ನಾಗಿದೆ. ಆದರೆ ಕರಾವಳಿಯ ಯಾರನ್ನು ಕೇಳಿದರೂ ನಕ್ಕುಬಿಡುತ್ತಾರೆ.

ಪಡುಕೋಣೆ ಒಂದು ಊರು. ಉಡುಪಿ ಜಿಲ್ಲೆಯ ಬೈಂದೂರು ಕಡೆ, ಮರವಂತೆಯ ಹತ್ತಿರ, ಸೌಪರ್ಣಿಕಾ ನದಿಯ ದಡದಲ್ಲಿದೆ. ಒಂದು ಬದಿ ಸಮುದ್ರ, ಇನ್ನೊಂದು ಬದಿ ನದಿ, ನಡುವೆ ಹೆದ್ದಾರಿ ಇರುವ ಮರವಂತೆಯ ಫೋಟೊ ನಿಮ್ಮ ಫೋನಿಗೂ ಒಮ್ಮೆಯಾದರೂ ಬಂದಿರುತ್ತದೆ. ಆ ಫೋಟೊದಲ್ಲಿ ಕಾಣುವ ನದಿಯೇ ಸೌಪರ್ಣಿಕಾ.

‘ಪಡು’ ಎಂದರೆ ಪಶ್ಚಿಮ. ‘ಪಡುವಣ’ ಎಂಬ ಪದದಲ್ಲಿರುವುದೂ ಇದೇ. ಕರಾವಳಿಯ ಊರುಗಳಿಗೆ ದಿಕ್ಕು ಸೇರಿಸಿ ಹೆಸರಿಡುವುದು ತೀರಾ ಸಾಮಾನ್ಯ: ಮೂಡುಬಿದಿರೆ ಪೂರ್ವಕ್ಕೆ, ಪಡುಬಿದ್ರಿ ಪಶ್ಚಿಮಕ್ಕೆ. ತೆಂಕ ಎರ್ಮಾಳು, ಬಡಾ ಎರ್ಮಾಳು. ಯಕ್ಷಗಾನಕ್ಕೂ ತೆಂಕುತಿಟ್ಟು, ಬಡಗುತಿಟ್ಟು ಇವೆ. ‘ಕೋಣೆ’ ಎಂದರೆ ಇವತ್ತು ನಮಗೆ ರೂಮು. ಆದರೆ ದ್ರಾವಿಡ ಭಾಷೆಗಳಲ್ಲಿ ಅದರ ಒಡಹುಟ್ಟಿದ ಪದಗಳಿಗೆ ಮೂಲೆ, ತಿರುವು ಎಂಬ ಅರ್ಥಗಳಿವೆ. ನದಿ ತಿರುಗುವ, ಸಮುದ್ರ ಹತ್ತಿರವಿರುವ ಜಾಗಕ್ಕೆ ‘ಪಡುವಣ ಮೂಲೆ’ ಎಂಬ ಹೆಸರು ಸರಳವಾಗಿ ಒಪ್ಪುತ್ತದೆ. ಪಾದುಕೆಯನ್ನು ಎಳೆದು ತರುವ ಅಗತ್ಯವೇ ಇಲ್ಲ.

ಕನ್ನಡದ ಊರ ಹೆಸರಿಗೆ ಸಂಸ್ಕೃತದ ಕಥೆ ಕಟ್ಟುವುದು ಹೊಸ ರೋಗವಲ್ಲ, ವಾಟ್ಸಾಪ್ ಅದಕ್ಕೆ ವೇಗ ಕೊಟ್ಟಿದೆ ಅಷ್ಟೆ. ಅರ್ಥ ಹುಡುಕುವಾಗ ಮೊದಲು ಕೇಳಬೇಕಾದ ಪ್ರಶ್ನೆ: ಈ ಹೆಸರಿನ ಊರು ಇದೆಯೇ? ಇದ್ದರೆ ಮುಕ್ಕಾಲು ಉತ್ತರ ಅಲ್ಲೇ ಸಿಗುತ್ತದೆ.

ಊರಲ್ಲಿದ್ದಾಗ ಯಾರೂ ‘ಪಡುಕೋಣೆ’ ಅಲ್ಲ

ಇಲ್ಲೊಂದು ತಮಾಷೆ ಇದೆ. ಪಡುಕೋಣೆಯಲ್ಲೇ ಇರುವವರನ್ನು ಪಡುಕೋಣೆಯವರು ಎಂದು ಕರೆದು ಪ್ರಯೋಜನವೇನು? ಅಲ್ಲಿ ಎಲ್ಲರೂ ಪಡುಕೋಣೆಯವರೇ. ಊರ ಹೆಸರು ಗುರುತಾಗುವುದು ಊರು ಬಿಟ್ಟ ಮೇಲೆ. ಮಂಗಳೂರಿಗೋ ಮದ್ರಾಸಿಗೋ ಮುಂಬಯಿಗೋ ಹೋದಾಗ ‘ಯಾವ ರಾವ್? ಯಾವ ಭಟ್?’ ಎಂಬ ಪ್ರಶ್ನೆಗೆ ಉತ್ತರವಾಗಿ ಊರು ಬರುತ್ತದೆ.

ಪಡುಕೋಣೆ ಎಂಬ ಸರ್‌ನೇಮ್ ಹೆಚ್ಚಾಗಿ ಕಾಣುವುದು ಚಿತ್ರಾಪುರ ಸಾರಸ್ವತರಲ್ಲಿ. ಭಟ್ಕಳ ತಾಲ್ಲೂಕಿನ ಶಿರಾಲಿಯಲ್ಲಿ ಮಠವಿರುವ, ಮನೆಯಲ್ಲಿ ಕೊಂಕಣಿ ಮಾತಾಡುವ, ಕನ್ನಡದಲ್ಲಿ ಓದಿ ಬರೆದ ಸಣ್ಣ ಸಮುದಾಯ ಇದು. ಇವರ ಸರ್‌ನೇಮ್‌ಗಳನ್ನು ಸಾಲಾಗಿ ಓದಿದರೆ ಕರಾವಳಿಯ ಬಸ್ಸಿನ ಬೋರ್ಡು ಓದಿದಂತಾಗುತ್ತದೆ: ಕಾರ್ನಾಡ್, ಉಳ್ಳಾಲ, ಬಂಟ್ವಾಳ, ಪುತ್ತೂರು, ಉದ್ಯಾವರ, ಬಸ್ರೂರು, ಗುಲ್ವಾಡಿ, ಗಂಗೊಳ್ಳಿ, ತ್ರಾಸಿ, ಬಿಜೂರು, ಬೈಂದೂರು, ಮುರ್ಡೇಶ್ವರ, ಹಳದೀಪುರ, ಗೋಕರ್ಣ. ನೀಲೇಕಣಿ ಎಂಬುದೂ ಹೀಗೆಯೇ, ಅದು ಶಿರಸಿಯ ಒಂದು ಜಾಗದ ಹೆಸರು.

ಈ ಹೆಸರು ಎಲ್ಲಿ ಕೂರುತ್ತದೆ ಎಂಬುದು ಕಾಲಕ್ಕೆ ತಕ್ಕಂತೆ ಬದಲಾಗಿದೆ. ಹಳೆಯ ಕನ್ನಡ ಸಾಹಿತಿಗಳನ್ನು ನೋಡಿ. 1899ರಲ್ಲಿ ‘ಇಂದಿರಾಬಾಯಿ’ ಕಾದಂಬರಿ ಬರೆದ ಗುಲ್ವಾಡಿ ವೆಂಕಟರಾವ್, ಮಕ್ಕಳ ಪದ್ಯಗಳ ಪಂಜೆ ಮಂಗೇಶರಾವ್, ಲೇಖಕ ಪಡುಕೋಣೆ ರಮಾನಂದರಾವ್. ಎಲ್ಲರಲ್ಲೂ ಊರು ಮುಂದೆ, ಹೆಸರು ಆಮೇಲೆ. ಈಗ ಪ್ರಕಾಶ್ ಪಡುಕೋಣೆ ಎಂದು ಹೇಳಿ ನೋಡಿ. ಊರು ಹಿಂದಕ್ಕೆ ಹೋಗಿದೆ, ‘ರಾವ್’ ಉದುರಿಹೋಗಿದೆ. ‘ಯಾವ ಊರಿನ ರಾಯರು’ ಎಂಬ ವಿವರಣೆಯಾಗಿದ್ದದ್ದು ಈಗ ‘ಯಾವ ಕುಟುಂಬ’ ಎಂಬ ಗುರುತು.

ಇದನ್ನು ಮಾಡಿದ್ದು ಋಷಿಗಳಲ್ಲ. ಬಹಳಷ್ಟು ಮಾಡಿದ್ದು ಶಾಲೆಯ ಹಾಜರಿ ಪುಸ್ತಕ, ಕೋರ್ಟು ಮತ್ತು ಕಚೇರಿ. 1862ರಲ್ಲಿ ಬ್ರಿಟಿಷರು ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸ್ ಪ್ರೆಸಿಡೆನ್ಸಿಯಿಂದ ತೆಗೆದು ಬಾಂಬೆಗೆ ಸೇರಿಸಿದರು. ಕುಂದಾಪುರದಿಂದ ದಕ್ಷಿಣಕ್ಕೆ ಇದ್ದದ್ದು ಮದ್ರಾಸಿನಲ್ಲೇ ಉಳಿಯಿತು. ಬಾಂಬೆಯ ಕಾಗದಪತ್ರಗಳಲ್ಲಿ ಕೊನೆಗೆ ಅಡ್ಡಹೆಸರು ಬೇಕಿತ್ತು. ಮದ್ರಾಸಿನ ರೂಢಿಯಲ್ಲಿ ಮುಂದೆ ಇನಿಷಿಯಲ್ ಸಾಕಿತ್ತು. ಹಾಗಾಗಿ ಹೊನ್ನಾವರದಲ್ಲಿ ಹುಟ್ಟಿ ಬಾಂಬೆಯಲ್ಲಿ ಹೆಸರಾದ, 1900ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾದ ನಾರಾಯಣ ಗಣೇಶ ಚಂದಾವರ್ಕರ್ ಅವರ ಹೆಸರಿನಲ್ಲಿ ಊರು ಹಿಂದಿದೆ. ಚಂದಾವರಕ್ಕೆ ಮರಾಠಿ ಬಗೆಯ ‘ಕರ್’ ಕೂಡ ಅಂಟಿದೆ. ದಕ್ಷಿಣ ಕನ್ನಡದ ಮಂಜೇಶ್ವರ ಗೋವಿಂದ ಪೈ ಅವರ ಊರು ಮುಂದೆಯೇ ಉಳಿಯಿತು, ಅದೂ ‘ಎಂ’ ಎಂಬ ಒಂದೇ ಅಕ್ಷರವಾಗಿ.

‘ಎಂ. ಗೋವಿಂದ ಪೈ’, ‘ಯು. ಆರ್. ಅನಂತಮೂರ್ತಿ’, ‘ಕೆ. ಶಿವರಾಮ ಕಾರಂತ’. ಮಂಜೇಶ್ವರ, ಉಡುಪಿ, ಕೋಟ ಮೂರೂ ಈ ಚುಕ್ಕೆಗಳ ಹಿಂದೆ ಅಡಗಿ ಕೂತಿವೆ. ಹಳೇ ಮೈಸೂರಿನ ನಿಮ್ಮ ಅಜ್ಜನ ಇನಿಷಿಯಲ್ ಬಿಡಿಸಿ ನೋಡಿದರೆ ಅಲ್ಲೂ ಒಂದು ಊರು ಸಿಗಬಹುದು. ನಿಮಗೆ ಸರ್‌ನೇಮ್ ಇಲ್ಲ ಎಂದಲ್ಲ, ಅದು ಚುಕ್ಕೆಯ ಹಿಂದೆ ಮಲಗಿದೆ.

ಇನ್ನು ಉತ್ತರ ಕರ್ನಾಟಕದ್ದು ಬೇರೆಯದೇ ಲೋಕ. ಮೆಣಸಿನಕಾಯಿ, ಉಳ್ಳಾಗಡ್ಡಿ, ಅಂಗಡಿ, ಬೆಲ್ಲದ, ಕುಲಕರ್ಣಿ, ಪಾಟೀಲ. ಅದಕ್ಕೆ ಇನ್ನೊಂದು ಲೇಖನವೇ ಬೇಕು. ಇಲ್ಲಿ ಒಂದೇ ಮಾತು: ಪಾಟೀಲ ಎಂಬುದು ಊರಿನ ಹುದ್ದೆ. ಲಿಂಗಾಯತರಲ್ಲೂ ಮರಾಠರಲ್ಲೂ ಜೈನರಲ್ಲೂ ಮುಸ್ಲಿಮರಲ್ಲೂ ಪಾಟೀಲರಿದ್ದಾರೆ. ಆ ಫಾರ್ವರ್ಡ್ ಪಾಟೀಲರಿಗೂ ಒಂದು ಗೋತ್ರ ಹಂಚಿದೆ!

ಒಂದೇ ಊರು, ಒಂದೇ ಮನೆಯೇ?

ಈಗ ಓದುಗರ ಪ್ರಶ್ನೆಗೆ ಬರೋಣ.

ಊರಿನ ಹೆಸರು ಸರ್‌ನೇಮ್ ಆಗಿದ್ದು ಹೇಗೆಂದು ಗೊತ್ತಾದರೆ ಗೋತ್ರದ ಪಟ್ಟಿ ತಾನಾಗಿ ಕುಸಿಯುತ್ತದೆ. ಒಂದು ಊರಿನಿಂದ ನಾಲ್ಕು ಬೇರೆ ಬೇರೆ ಮನೆತನಗಳು ಪಟ್ಟಣಕ್ಕೆ ಹೋಗಿದ್ದರೆ ನಾಲ್ಕೂ ಅದೇ ಹೆಸರು ಬರೆಸಬಹುದಿತ್ತು. ಅವರ ನಡುವೆ ಸಂಬಂಧ ಇರಲೇಬೇಕೆಂದಿಲ್ಲ, ಗೋತ್ರ ಒಂದೇ ಆಗಬೇಕೆಂದಿಲ್ಲ. ಇದರ ಉಲ್ಟಾ ಕೂಡ ಸಾಧ್ಯ. ಅಣ್ಣ ಹುಟ್ಟಿದೂರಿನ ಹೆಸರು ಬರೆಸಿ, ತಮ್ಮ ಕೆಲಸಕ್ಕೆ ಹೋದ ಊರಿನ ಹೆಸರು ಬರೆಸಿದರೆ ಒಂದೇ ಅಜ್ಜನ ಮೊಮ್ಮಕ್ಕಳಿಗೆ ಎರಡು ಸರ್‌ನೇಮ್. ರಕ್ತ ಒಂದೇ, ಹೆಸರು ಬೇರೆ.

ಊರು ಜಾತಿಯನ್ನೂ ಹೇಳುವುದಿಲ್ಲ. ಕೋಟ ಶಿವರಾಮ ಕಾರಂತ ಮತ್ತು ಈಗಿನ ಸಂಸದ ಕೋಟ ಶ್ರೀನಿವಾಸ ಪೂಜಾರಿ, ಇಬ್ಬರ ಹೆಸರಿನ ಮುಂದೆಯೂ ಅದೇ ಕೋಟ. ಸಮುದಾಯ ಬೇರೆ ಬೇರೆ.

ಹೆಸರು ನೋಡಿ ಮೂಲ ಊಹಿಸುವವರು ಎಡವಿದ ಒಳ್ಳೆಯ ಉದಾಹರಣೆಯೂ ಪಡುಕೋಣೆಯಲ್ಲೇ ಇದೆ. 1925ರ ಜುಲೈ 9ರಂದು ಬೆಂಗಳೂರಿನಲ್ಲಿ ಒಂದು ಮಗು ಹುಟ್ಟಿತು. ಇಟ್ಟ ಹೆಸರು ವಸಂತಕುಮಾರ್ ಶಿವಶಂಕರ ಪಡುಕೋಣೆ. ಚಿಕ್ಕಂದಿನಲ್ಲಿ ಆದ ಒಂದು ಅಪಘಾತದ ನಂತರ ಮನೆಯವರು ಹೆಸರನ್ನು ಗುರುದತ್ತ ಎಂದು ಬದಲಿಸಿದರು. ಹುಡುಗ ಕಲ್ಕತ್ತಾದಲ್ಲಿ ಬೆಳೆದ, ಮುಂಬಯಿಗೆ ಬಂದ, ಪಡುಕೋಣೆಯನ್ನು ಕೈಬಿಟ್ಟು ‘ಗುರು ದತ್ತ್’ ಎಂದು ಎರಡು ಪದ ಮಾಡಿಕೊಂಡ. ‘ಪ್ಯಾಸಾ’, ‘ಕಾಗಜ್ ಕೆ ಫೂಲ್’ ಸಿನಿಮಾಗಳ ಗುರು ದತ್ತ್ ಇವರೇ. ದತ್ತ್ ಎಂಬುದು ಬಂಗಾಳಿ ಸರ್‌ನೇಮ್ ಅಲ್ಲವೇ ಎಂದುಕೊಂಡು ಇವರನ್ನು ಬಂಗಾಳಿ ಎಂದು ನಂಬಿದವರು ಈಗಲೂ ಇದ್ದಾರೆ. ಅದು ಸರ್‌ನೇಮೇ ಅಲ್ಲ, ಅರ್ಧ ಕತ್ತರಿಸಿದ ಹೆಸರು. ಆ ಪಟ್ಟಿಯಲ್ಲಿ ‘ದತ್ತ್’ ಹುಡುಕಿದ್ದರೆ ಕುಂದಾಪುರ ಕಡೆಯ ಮನೆತನಕ್ಕೆ ಬಂಗಾಳದ ಗೋತ್ರ ಸಿಕ್ಕಿರುತ್ತಿತ್ತು.

ಮಕ್ಕಳಿಗೆ ಕಾಯಿಲೆ ಎಂಬ ಹೆದರಿಕೆ

ಫಾರ್ವರ್ಡಿನ ನಿಜವಾದ ಪೆಟ್ಟು ಇಲ್ಲಿದೆ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ನಮಗೆಲ್ಲ ಇಬ್ಬರು ತಂದೆತಾಯಿ, ನಾಲ್ವರು ಅಜ್ಜ ಅಜ್ಜಿ, ಎಂಟು ಮುತ್ತಜ್ಜ ಮುತ್ತಜ್ಜಿ. ಹೀಗೆ ಐದು ತಲೆಮಾರು ಹಿಂದಕ್ಕೆ ಹೋದರೆ 32 ಜನ. ಸರ್‌ನೇಮ್ ಇವರಲ್ಲಿ ಎಷ್ಟು ಜನರನ್ನು ನೆನಪಿಟ್ಟುಕೊಳ್ಳುತ್ತದೆ? ಒಬ್ಬರನ್ನು. ಅಪ್ಪನ ಅಪ್ಪನ ಅಪ್ಪನ ದಾರಿ ಮಾತ್ರ. ಉಳಿದ 31 ಜನರ ವಂಶವಾಹಿಗಳೂ ನಿಮ್ಮಲ್ಲಿ ಅಷ್ಟೇ ಹಕ್ಕಿನಿಂದ ಇವೆ, ಅವರ ಹೆಸರು ಮಾತ್ರ ಇಲ್ಲ. ಹತ್ತು ತಲೆಮಾರಿಗೆ ಹೋದರೆ ಲೆಕ್ಕ 1,024ಕ್ಕೆ ಒಂದು.

ಈಗ ಹತ್ತಿರದ ಸಂಬಂಧಗಳ ಲೆಕ್ಕ ಹಾಕಿ. ಸೋದರಮಾವ ಮತ್ತು ಸೊಸೆಯ ನಡುವೆ ಸರಾಸರಿ ನಾಲ್ಕನೇ ಒಂದು ಭಾಗ ವಂಶವಾಹಿ ಹಂಚಿಕೆಯಾಗಿರುತ್ತದೆ. ಅತ್ತೆಯ ಮಗ ಮತ್ತು ಮಾವನ ಮಗಳ ನಡುವೆ ಎಂಟನೇ ಒಂದು ಭಾಗ. ನಮ್ಮ ಕಡೆ ಈ ಎರಡೂ ಬಗೆಯ ಮದುವೆಗಳು ತಲೆತಲಾಂತರದಿಂದ ನಡೆದು ಬಂದಿವೆ. ಅಂಥ ಮದುವೆಯಲ್ಲಿ ಎರಡು ಮನೆಗಳ ಸರ್‌ನೇಮ್ ಸಾಮಾನ್ಯವಾಗಿ ಬೇರೆಯೇ ಇರುತ್ತದೆ, ಯಾಕೆಂದರೆ ಸಂಬಂಧ ತಾಯಿಯ ಕಡೆಯಿಂದ ಬಂದಿರುತ್ತದೆ. ಅದೇ ಐದು ತಲೆಮಾರಿನ ಹಿಂದೆ ಒಬ್ಬ ದಂಪತಿಯಿಂದ ಕವಲೊಡೆದ ಇಬ್ಬರ ನಡುವೆ ಇರುವುದು ಸರಾಸರಿ 512ರಲ್ಲಿ ಒಂದು ಭಾಗ, ಅವರಿಬ್ಬರ ಸರ್‌ನೇಮ್ ಒಂದೇ ಇದ್ದರೂ ಸರಿ. ಅಂದರೆ ಸರ್‌ನೇಮ್ ನೋಡಿ ಹೆದರುವವರು ಹೆದರಬೇಕಾದ ಕಡೆ ನಿಶ್ಚಿಂತರಾಗಿರುತ್ತಾರೆ, ನಿಶ್ಚಿಂತರಾಗಬೇಕಾದ ಕಡೆ ಹೆದರುತ್ತಾರೆ. (ಬೇಡವೆಂದ ಸೋದರಮಾವನವರು ಇದನ್ನು ಓದುತ್ತಿದ್ದರೆ ತಪ್ಪು ತಿಳಿಯಬಾರದು.)

ಸೋದರ ಸಂಬಂಧಿಗಳ ಮದುವೆಯಲ್ಲೂ ಕಾಯಿಲೆ ‘ಖಚಿತ’ವಲ್ಲ. ಮಗುವಿಗೆ ಹುಟ್ಟಿನಿಂದ ಬರುವ ತೊಂದರೆಗಳ ಸಾಧ್ಯತೆ ಎಲ್ಲರಲ್ಲೂ ಇರುವುದಕ್ಕಿಂತ ನೂರಕ್ಕೆ ಎರಡು-ಮೂರರಷ್ಟು ಹೆಚ್ಚುತ್ತದೆ. ಅದು ಸಣ್ಣ ವಿಷಯವಲ್ಲ. ಆದರೆ ಅದಕ್ಕೆ ಕಾರಣ ಹತ್ತಿರದ ರಕ್ತಸಂಬಂಧ, ಸರ್‌ನೇಮ್ ಅಲ್ಲ.

ಒಂದು ಮಾತನ್ನು ಮಾತ್ರ ಮುಚ್ಚಿಡಬಾರದು. ಸಣ್ಣ ಸಮುದಾಯದೊಳಗೇ ಹಲವು ತಲೆಮಾರು ಮದುವೆಗಳು ನಡೆದಿದ್ದರೆ ಕೆಲವು ವಂಶವಾಹಿ ದೋಷಗಳು ಆ ಸಮುದಾಯದಲ್ಲಿ ಹೆಚ್ಚು ಹರಡಿರಬಹುದು. ಆಗ ಸರ್‌ನೇಮ್ ಒಂದೇ ಇದ್ದರೂ ಬೇರೆ ಇದ್ದರೂ ಅಪಾಯ ಹೆಚ್ಚುಕಡಿಮೆ ಒಂದೇ. ಮನೆಯಲ್ಲಿ ಯಾರಿಗಾದರೂ ತಲಸೇಮಿಯಾದಂಥ ಕಾಯಿಲೆ, ಹುಟ್ಟು ಕಿವುಡು, ಕಾರಣ ತಿಳಿಯದ ಶಿಶುಮರಣ ಇದ್ದರೆ ಮದುವೆಗೆ ಮೊದಲು ಜೆನೆಟಿಕ್ ಕೌನ್ಸೆಲಿಂಗ್ ಮಾಡಿಸುವುದು ಒಳ್ಳೆಯದು. ಅಲ್ಲಿ ವೈದ್ಯರು ಕೇಳುವುದು ಎರಡೂ ಕಡೆಯ ಮೂರು ತಲೆಮಾರಿನ ಆರೋಗ್ಯದ ಕಥೆಯನ್ನು. ಸರ್‌ನೇಮ್ ಬರೆಯುವುದು ಫೈಲಿನ ಮೇಲೆ ಮಾತ್ರ.

ಕಾನೂನಿನ ಮಾತು ಹೇಳುವುದಾದರೆ, ಸಗೋತ್ರ ಮದುವೆಗೆ ಇದ್ದ ಅಡ್ಡಿಯನ್ನು 1946ರ ಕಾಯ್ದೆಯೊಂದು ತೆಗೆದುಹಾಕಿತು. 1955ರ ಹಿಂದೂ ವಿವಾಹ ಕಾಯ್ದೆ ಗೋತ್ರವನ್ನು ಕೇಳುವುದೇ ಇಲ್ಲ. ಅದು ನೋಡುವುದು ‘ಸಪಿಂಡ’ ಸಂಬಂಧ: ತಂದೆಯ ಕಡೆ ಐದು ತಲೆಮಾರು, ತಾಯಿಯ ಕಡೆ ಮೂರು ತಲೆಮಾರು. ರೂಢಿ ಒಪ್ಪುವ ಕಡೆ ಅದಕ್ಕೂ ವಿನಾಯಿತಿ ಇದೆ. ಗೋತ್ರ ನೋಡುವುದು, ಬಿಡುವುದು ಮನೆಯವರ ನಂಬಿಕೆಗೆ ಬಿಟ್ಟದ್ದು. ಆದರೆ ನೋಡುವುದಾದರೆ ಎರಡೂ ಮನೆಯ ಹಿರಿಯರನ್ನು ಕೇಳಿ ನೋಡಬೇಕು, ಫಾರ್ವರ್ಡ್ ಪಟ್ಟಿಯಲ್ಲಲ್ಲ.

ಇದೇ ಗೊಂದಲದಿಂದ ಒಂದು ದೇಶವೇ ಒದ್ದಾಡಿದ್ದಿದೆ. ದಕ್ಷಿಣ ಕೊರಿಯಾದಲ್ಲಿ ಐದು ಜನರಲ್ಲಿ ಒಬ್ಬರ ಸರ್‌ನೇಮ್ ಕಿಮ್. ಒಂದೇ ಸರ್‌ನೇಮ್, ಒಂದೇ ಮೂಲ ಊರಿನ ಕುಲ ಎಂದಾದರೆ ಅಲ್ಲಿ ಕಾನೂನೇ ಮದುವೆಯನ್ನು ತಡೆಯುತ್ತಿತ್ತು. ಲಕ್ಷಗಟ್ಟಲೆ ಜನರಿರುವ ಕುಲದಲ್ಲಿ ಯಾರೋ ಅಪರಿಚಿತರನ್ನು ಪ್ರೀತಿಸಿದರೂ ಅವರು ‘ಅಣ್ಣ-ತಂಗಿ’. 1997ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಈ ನಿಯಮ ಸಂವಿಧಾನಕ್ಕೆ ವಿರುದ್ಧ ಎಂದಿತು, 2005ರಲ್ಲಿ ಕಾನೂನು ಬದಲಾಯಿತು. ಈಗ ಅಲ್ಲೂ ನೋಡುವುದು ಹತ್ತಿರದ ರಕ್ತಸಂಬಂಧವನ್ನೇ.

ಹಾಗಾದರೆ ಸರ್‌ನೇಮ್‌ಗೂ ವಂಶವಾಹಿಗೂ ಎಲ್ಲೂ ಸಂಬಂಧವೇ ಇಲ್ಲವೇ? ಇದೆ. ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೀರಾ ಅಪರೂಪದ ಸರ್‌ನೇಮ್ ಇರುವ ಗಂಡಸರ ವೈ ಕ್ರೋಮೋಸೋಮ್‌ಗಳಲ್ಲಿ ಹೋಲಿಕೆ ಹೆಚ್ಚಾಗಿ ಕಂಡಿತು. ಸ್ಮಿತ್‌ನಂಥ ಸಾಮಾನ್ಯ ಹೆಸರಿನಲ್ಲಿ ಕಾಣಲಿಲ್ಲ. ಆದರೆ ಅಲ್ಲಿನ ಸರ್‌ನೇಮ್‌ಗಳು ಸುಮಾರು 700 ವರ್ಷಗಳಿಂದ ಅಪ್ಪನಿಂದ ಮಗನಿಗೆ ಹರಿದು ಬಂದಿವೆ. ನಮ್ಮ ಊರ ಹೆಸರುಗಳು ಸರ್‌ನೇಮ್ ಆಗಿ ಗಟ್ಟಿಯಾದದ್ದು ಮುತ್ತಜ್ಜನ ಕಾಲದಲ್ಲಿ. ಇಂಗ್ಲೆಂಡಿನ ತೀರ್ಮಾನವನ್ನು ಕತ್ತರಿಸಿ ಇಲ್ಲಿಗೆ ಅಂಟಿಸಲಾಗದು.

ಪಡುಕೋಣೆಯವರು ಎಷ್ಟು ಜನ? ಅಪರೂಪ ಯಾಕೆ?

‘ನಿಮ್ಮ ಸರ್‌ನೇಮ್ ಜಗತ್ತಿನಲ್ಲಿ ಇಷ್ಟನೇ ಸ್ಥಾನದಲ್ಲಿದೆ’ ಎಂದು ಹೇಳುವ ವೆಬ್‌ಸೈಟ್‌ಗಳಿವೆ. ಭಾರತದ ಮಟ್ಟಿಗೆ ಅವನ್ನು ಅಂದಾಜು ಎಂದಷ್ಟೇ ಓದಿ. ಅಮೆರಿಕದ ಜನಗಣತಿ ಇಲಾಖೆ 100 ಅಥವಾ ಅದಕ್ಕಿಂತ ಹೆಚ್ಚು ಜನರಿಗಿರುವ ಸರ್‌ನೇಮ್‌ಗಳ ಪಟ್ಟಿ ಪ್ರಕಟಿಸುತ್ತದೆ. 2010ರ ಪಟ್ಟಿಯಲ್ಲಿ 1.6 ಲಕ್ಷಕ್ಕೂ ಹೆಚ್ಚು ಹೆಸರುಗಳಿದ್ದವು. ನಮ್ಮ ಜನಗಣತಿ ಅಂಥ ಪಟ್ಟಿ ಕೊಡುವುದಿಲ್ಲ. ಮನೆಗೆ ಬಂದವರು ಬರೆದುಕೊಂಡ ನಿಮ್ಮ ಹೆಸರು 1948ರ ಜನಗಣತಿ ಕಾಯ್ದೆಯ ಪ್ರಕಾರ ಗೋಪ್ಯ. ಮತದಾರರ ಪಟ್ಟಿಯಿಂದ ಎಣಿಸೋಣವೆಂದರೆ ಹಳೇ ಮೈಸೂರಿನ ಅರ್ಧ ಜನಕ್ಕೆ ಕೊನೆಯ ಹೆಸರೇ ಇರುವುದಿಲ್ಲ, ಇದ್ದವರದ್ದು ನಾಲ್ಕು ಬಗೆಯ ಸ್ಪೆಲ್ಲಿಂಗ್.

ಆದರೆ ಅಪರೂಪ ಯಾಕೆ ಎಂಬುದಕ್ಕೆ ಎಣಿಕೆ ಬೇಕಿಲ್ಲ. ಸಮುದಾಯವೇ ಸಣ್ಣದು, ಸಾವಿರಗಳ ಲೆಕ್ಕದ್ದು, ಲಕ್ಷಗಳದ್ದಲ್ಲ. ಅದು ನೂರಾರು ಊರ ಹೆಸರುಗಳಿಗೆ ಹಂಚಿಹೋಗಿದೆ. ಒಂದೊಂದು ಹೆಸರಿನ ಪಾಲಿಗೆ ಬೆರಳೆಣಿಕೆಯ ಮನೆಗಳು. ಅದರಲ್ಲಿ ಒಬ್ಬರು 1980ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಗೆದ್ದ ಮೊದಲ ಭಾರತೀಯರಾದರು, ಅವರ ಮಗಳು ಸಿನಿಮಾ ತಾರೆಯಾದರು. ಹಾಗಾಗಿ ಹೆಸರು ಎಲ್ಲರ ಬಾಯಲ್ಲಿದೆ. ಕಿವಿಗೆ ಪರಿಚಿತವಾದದ್ದು ಸಂಖ್ಯೆಯಲ್ಲೂ ಹೆಚ್ಚಿರಬೇಕು ಎಂದು ನಮ್ಮ ಮಿದುಳು ಊಹಿಸುತ್ತದೆ. ಎದುರುಮನೆಯಲ್ಲಿ ಪಡುಕೋಣೆ ಎಂಬ ಬೋರ್ಡನ್ನು ನಿಮ್ಮಲ್ಲಿ ಎಷ್ಟು ಜನ ನೋಡಿದ್ದೀರಿ?

ಅಪರೂಪದ ಹೆಸರುಗಳಿಗೆ ಇನ್ನೊಂದು ಕಂಟಕವಿದೆ, ಇದು ಬರಿಯ ಗಣಿತ. 1873ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಕುಟುಂಬದ ಹೆಸರುಗಳು ಯಾಕೆ ಅಳಿಯುತ್ತವೆ ಎಂದು ಪತ್ರಿಕೆಯೊಂದರಲ್ಲಿ ಪ್ರಶ್ನೆ ಹಾಕಿದರು. ಉತ್ತರಿಸಿದವರು ಹೆನ್ರಿ ವಾಟ್ಸನ್ ಎಂಬ ಪಾದ್ರಿ. ಅವರ ದಾರಿಯನ್ನೇ ಹಿಡಿದು ನಾವೊಂದು ಲೆಕ್ಕ ಮಾಡೋಣ. ನೂರು ಮನೆ, ನೂರು ಬೇರೆ ಬೇರೆ ಸರ್‌ನೇಮ್. ಪ್ರತಿ ಮನೆಯಲ್ಲೂ ಸರಿಯಾಗಿ ಇಬ್ಬರು ಮಕ್ಕಳು, ಗಂಡೋ ಹೆಣ್ಣೋ ಎಂಬುದು ನಾಣ್ಯ ಚಿಮ್ಮಿದಂತೆ. ಹೆಸರು ಮಗನಿಂದ ಮಾತ್ರ ಮುಂದುವರಿಯುತ್ತದೆ ಎಂದುಕೊಳ್ಳಿ. ಇಬ್ಬರೂ ಹೆಣ್ಣಾಗುವ ಸಾಧ್ಯತೆ ನಾಲ್ಕರಲ್ಲಿ ಒಂದು. ಹಾಗಾಗಿ ಒಂದೇ ತಲೆಮಾರಿನಲ್ಲಿ ಸುಮಾರು 25 ಹೆಸರು ಮುಗಿಯಿತು. ಎರಡನೆಯದರಲ್ಲಿ 39. ಐದನೆಯದರಲ್ಲಿ 60. ಹತ್ತನೆಯದರ ಹೊತ್ತಿಗೆ 74. ಜನ ಕಡಿಮೆಯಾಗಿಲ್ಲ, ಯಾರೂ ಶಾಪ ಹಾಕಿಲ್ಲ, ಹೆಸರುಗಳು ಮಾತ್ರ ಹೋಗಿವೆ. ಉಳಿದ 26 ಹೆಸರುಗಳನ್ನು ಎಲ್ಲರೂ ಹೊತ್ತುಕೊಂಡಿದ್ದಾರೆ.

ಕೊರಿಯಾದಲ್ಲಿ ಅಷ್ಟೊಂದು ಕಿಮ್‌ಗಳು, ಚೀನಾದಲ್ಲಿ ಅಷ್ಟು ಕಡಿಮೆ ಸರ್‌ನೇಮ್‌ಗಳು ಇರುವುದಕ್ಕೆ ಇದೂ ಒಂದು ಕಾರಣ. ಅಲ್ಲಿನ ಪದ್ಧತಿ ಬಹಳ ಹಳೆಯದು, ನಾಣ್ಯ ಬಹಳ ಸಲ ಚಿಮ್ಮಿದೆ. ಥೈಲ್ಯಾಂಡಿನಲ್ಲಿ ಸರ್‌ನೇಮ್ ಕಡ್ಡಾಯವಾದದ್ದು 1913ರ ಕಾನೂನಿನಿಂದ. ಅಲ್ಲಿ ಈಗಲೂ ಲೆಕ್ಕವಿಲ್ಲದಷ್ಟು ಬಗೆಯ ಹೆಸರುಗಳಿವೆ. ಜಪಾನಿನ ಸಾಮಾನ್ಯ ಜನರಿಗೆ 1875ರಲ್ಲಿ, ಟರ್ಕಿಯಲ್ಲಿ 1934ರಲ್ಲಿ ಸರ್ಕಾರವೇ ಸರ್‌ನೇಮ್ ಕಡ್ಡಾಯ ಮಾಡಿತು. ಅಂದರೆ ಫಾರ್ವರ್ಡ್ ಹೇಳುವುದಕ್ಕೆ ವಿರುದ್ಧವಾಗಿ, ಒಂದು ನಾಡಿನಲ್ಲಿ ಚಿತ್ರವಿಚಿತ್ರವಾದ ಅಪರೂಪದ ಸರ್‌ನೇಮ್‌ಗಳು ರಾಶಿ ರಾಶಿ ಇವೆ ಎಂದರೆ ಅವು ಬಹುಮಟ್ಟಿಗೆ ಹೊಸವು, ವೇದಕಾಲದವಲ್ಲ.

ಆ ‘ಕ್ವಿಜ್’ ಲಿಂಕ್ ಒತ್ತಬೇಡಿ

ಫಾರ್ವರ್ಡಿನ ಕೊನೆಯಲ್ಲಿ ಒಂದು ಲಿಂಕ್ ಇತ್ತು: ನಿಮ್ಮ ಸರ್‌ನೇಮ್, ತಾಯಿಯ ತವರಿನ ಸರ್‌ನೇಮ್, ಹುಟ್ಟಿದ ಊರು, ಜನ್ಮದಿನ ತುಂಬಿದರೆ ‘ವಂಶವೃಕ್ಷ’ ಸಿಗುತ್ತದಂತೆ. ತಾಯಿಯ ತವರಿನ ಹೆಸರು ಮತ್ತು ಹುಟ್ಟಿದ ಊರು ಬ್ಯಾಂಕುಗಳೂ ಇಮೇಲ್ ಕಂಪನಿಗಳೂ ಗುರುತು ಖಚಿತಪಡಿಸಲು ಕೇಳುವ ಪ್ರಶ್ನೆಗಳು. ಋಷಿಯ ಹೆಸರಿಗಾಗಿ ಪಾಸ್‌ವರ್ಡಿನ ಬೀಗದ ಕೈ ಕೊಟ್ಟ ಹಾಗೆ. ಮನೆಯ ಹಿರಿಯರಿಗೆ ಇದೊಂದನ್ನಾದರೂ ಹೇಳಿ.

ಸರ್‌ನೇಮ್ ಇಲ್ಲದವರು ಏನು ಮಾಡಬೇಕು?

ಈ ಲೇಖನಕ್ಕಾಗಿ ತಿಲಕ್ ನಗರದ ಒಂದು ಆನ್‌ಲೈನ್ ಸೆಂಟರಿನಲ್ಲಿ ಅರ್ಧ ದಿನ ಕೂತಿದ್ದೆವು. ಸರ್‌ನೇಮ್ ಹುಟ್ಟುವುದನ್ನು ಕಣ್ಣಾರೆ ನೋಡಬೇಕೆಂದರೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಹಾಸನ ಕಡೆಯ ಒಬ್ಬರು, ತಮಿಳು ಮಾತಾಡುವ ಒಬ್ಬ ಹುಡುಗ, ಒಂದೇ ಪದದ ಹೆಸರಿರುವ ಮುಸ್ಲಿಂ ಮಹಿಳೆ. ಮೂವರಿಗೂ ಫಾರ್ಮಿನ ಅದೇ ಖಾನೆಯಲ್ಲಿ ಕೈ ನಿಂತಿತು. ‘ಲಾಸ್ಟ್ ನೇಮ್ ಏನ್ ಹಾಕ್ಲಿ?’ ಎಂದು ಟೈಪ್ ಮಾಡುವ ಹುಡುಗ ಕೇಳುತ್ತಾನೆ. ಅಪ್ಪನ ಹೆಸರೋ ಊರಿನ ಹೆಸರೋ, ಬಾಯಿಗೆ ಬಂದದ್ದನ್ನು ಹೇಳುತ್ತಾರೆ. ಇನ್ನು ಮುಂದೆ ಅದೇ ಅವರ ಮಕ್ಕಳ ಸರ್‌ನೇಮ್. ನೂರು ವರ್ಷದ ಹಿಂದೆ ಮುಂಬಯಿಯ ಗುಮಾಸ್ತನ ಮೇಜಿನ ಮುಂದೆ ನಡೆದದ್ದೂ ಇದಕ್ಕಿಂತ ಬೇರೆ ಇರಲಾರದು.

ಆಧಾರ್‌ನಲ್ಲಿ ಹೆಸರಿಗೆ ಒಂದೇ ಖಾನೆ, ಸರ್‌ನೇಮ್ ಎಂದು ಪ್ರತ್ಯೇಕವಿಲ್ಲ. ಪ್ಯಾನ್ ಅರ್ಜಿಯಲ್ಲಿ ಕೊನೆಯ ಹೆಸರು ಬೇಕೇ ಬೇಕು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ ಬಿಡಬಹುದು, ಆದರೆ 2022ರ ನವೆಂಬರಿನಿಂದ ಯುಎಇ ಒಂದೇ ಪದದ ಹೆಸರಿರುವವರಿಗೆ ಪ್ರವಾಸಿ ಮತ್ತು ವಿಸಿಟ್ ವೀಸಾದಲ್ಲಿ ಪ್ರವೇಶ ನಿಲ್ಲಿಸಿತು. ಆದ್ದರಿಂದ ಇನಿಷಿಯಲ್ ಬಿಡಿಸಿ ಬರೆಯುವುದಾದರೆ ಎಲ್ಲ ದಾಖಲೆಗಳಲ್ಲೂ ಒಂದೇ ಕ್ರಮ, ಒಂದೇ ಸ್ಪೆಲ್ಲಿಂಗ್ ಇರಲಿ. ಮಕ್ಕಳ ಜನನ ಪ್ರಮಾಣಪತ್ರದಲ್ಲೇ ಇದನ್ನು ತೀರ್ಮಾನಿಸಿಬಿಟ್ಟರೆ ಮುಂದೆ ಅಫಿಡವಿಟ್‌ಗಾಗಿ ಅಲೆಯುವುದು ತಪ್ಪುತ್ತದೆ.

ಭಾನುವಾರಕ್ಕೆ ಮೊದಲೇ ನಾವು ಓದುಗರಿಗೆ ಉತ್ತರಿಸಿದೆವು. ಪಟ್ಟಿ ಬಿಡಿ, ಎರಡೂ ಮನೆಯ ಹಿರಿಯರನ್ನು ಕೂರಿಸಿ ನಾಲ್ಕು ಪ್ರಶ್ನೆ ಕೇಳಿ ಎಂದೆವು. ಊರು ಬಿಟ್ಟವರು ಯಾರು? ಯಾವಾಗ? ಮನೆದೇವರು ಯಾವುದು? ಎರಡೂ ಕಡೆ ಯಾರಿಗಾದರೂ ಹುಟ್ಟಿನಿಂದ ಬಂದ ಕಾಯಿಲೆ ಇದೆಯೇ? ಸೋಮವಾರ ಬೆಳಿಗ್ಗೆ ಅವರ ಸಂದೇಶ ಬಂತು. ಮನೆದೇವರು ಬೇರೆ ಬೇರೆ. ಹುಡುಗನ ಮುತ್ತಜ್ಜ ಊರಿನವರೇ ಅಲ್ಲ, ಪಕ್ಕದ ಊರಿನಿಂದ ಬಂದು ಅಲ್ಲಿ ಶಾಲಾ ಮೇಷ್ಟ್ರಾಗಿದ್ದವರಂತೆ. ಮಾವ ಎರಡನೇ ಸಲ ಕಾಫಿ ಕೇಳಿದರಂತೆ. ಕೆಳಗೆ ಇನ್ನೊಂದು ಪ್ರಶ್ನೆಯೂ ಇತ್ತು: ‘ಮದುವೆ ಆದ್ಮೇಲೆ ತಂಗಿ ಪಾಸ್‌ಪೋರ್ಟಲ್ಲಿ ಸರ್‌ನೇಮ್ ಚೇಂಜ್ ಮಾಡಿಸೋ ಖರ್ಚು ಉಳೀತಲ್ವಾ?’